ಕಡಲಿಗೆ ಪಾಲು ಕೊಟ್ಟ ಊರಿನಿಂದ

ಕಡಲು ಒಳಬಂದ ಎಂಬತ್ತೆರಡನೆಯ ವರ್ಷ, ಎರಡನೆಯ ಮಳೆಗಾಲದ ಮೊದಲ ಬಿಸಿಲು ದಿನ. ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ ೨೧೫೮ರ ಆಸುಪಾಸು.

ಹಳೆಯ ಕಾಲದ ನಮ್ಮೂರಿನವರಿಗೆ,

ಅಘನಾಶಿನಿ ಕಡಲು ಸೇರುವ ಅಳಿವೆಯಿಂದ ಕುಸ್ಲು ಗೌಡ ಬರೆಯುವುದು. ನೀವು ನನಗೆ ಹಿರಿಯರೋ, ಇನ್ನೂ ಹುಡುಗರೋ ಗೊತ್ತಾಗದೆ ನಮಸ್ಕಾರ, ಆಶೀರ್ವಾದ ಎರಡನ್ನೂ ಕಳಿಸಿದ್ದೇನೆ, ಸರಿಹೊಂದುವುದನ್ನು ಇಟ್ಟುಕೊಳ್ಳಿ. ತಿಳಿಯದ ಶಬ್ದ ಬಂದರೆ ಕ್ಷಮಿಸಿ. ನಾನು ಓದಿದ್ದು ಊರಿನ ದೋಣಿಶಾಲೆಯಲ್ಲಿ. ಅಲ್ಲಿ ಕಲಿಸುವುದನ್ನೆಲ್ಲ ಏಳನೆಯ ತರಗತಿಯೊಳಗೇ ಮುಗಿಸಿದೆನೆಂದು ಮಾಸ್ತರರೇ ನನ್ನನ್ನು ಮನೆಗೆ ಕಳಿಸಿಕೊಟ್ಟರು.

ಮೊದಲು ಮುಖ್ಯ ಸುದ್ದಿ. ನಾವು ಗೆದ್ದೆವು. ಹೋದ ವಾರದ ಬಿರುಗಾಳಿಗೆ ಊರೂ ಉಳಿಯಿತು, ಗದ್ದೆಯೂ ಉಳಿಯಿತು. ಉಳಿಸಿದ್ದು ನಾನು. ಹೇಗೆಂದು ಹೇಳುತ್ತೇನೆ.

ನಮ್ಮ ಕರೆಂಟು ಕಡಲಿನದು. ನೀರು ಏರುವಾಗಲೂ ಇಳಿಯುವಾಗಲೂ ಅಳಿವೆಯ ಚಕ್ರಗಳು ತಿರುಗುತ್ತವೆ. ನಡುವೆ ನೀರು ಅಲುಗದ ಹೊತ್ತನ್ನು ‘ನಿಂತನೀರು’ ಎನ್ನುತ್ತೇವೆ. ಆಗ ಯಾರೂ ದೋಸೆಗೆ ರುಬ್ಬುವುದಿಲ್ಲ, ಜಗಳ ಮಾತ್ರ ಆಡುತ್ತಾರೆ. ಉಣ್ಣುವುದು ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಅನ್ನ. ಕಡಲು ಏರತೊಡಗಿದಾಗ ಪಕ್ಕದ ಹೆಬ್ಬೈಲಿನವರು ಗೋಡೆ ಕಟ್ಟಿದರು. ನಾವು ‘ಕಡಲಪಾಲು’ ಇಟ್ಟೆವು. ಅಂದರೆ ಹೊರಸಾಲಿನ ಗದ್ದೆಗಳನ್ನು ಕಡಲಿಗೇ ಬಿಟ್ಟು, ಅಲ್ಲಿ ಕಾಂಡ್ಲ ನೆಡುವುದು. ಕೆಸರಿನಲ್ಲಿ ಬೇರು ಹೆಣೆದು ಅಲೆಯ ಬಲ ಮುರಿಯುವ ಮರ ಅದು. ಗದ್ದೆ ಬಿಟ್ಟವರಿಗೆ ಒಳಗಿನ ಬೆಳೆಯಲ್ಲಿ ಎಲ್ಲರೂ ಪಾಲು ಕೊಡುತ್ತಾರೆ.

ಹೀಗೆ ಸಾಲು ಮುಗಿಯುತ್ತ ಬಂದು, ನಡುವೆ ಹಲ್ಲು ಬಿದ್ದ ಜಾಗದಂತೆ ಒಂದು ಗದ್ದೆ ಬಾಕಿ ಉಳಿಯಿತು. ಅದು ನನ್ನದು. ಹತ್ತು ವರ್ಷದ ಹಿಂದೆ ನನ್ನ ಅಕ್ಕನ ಮಗಳು ಗಣಪಿ, ಆಗಷ್ಟೇ ಊರಿನ ಅಧ್ಯಕ್ಷೆಯಾದವಳು, ಮನೆಗೆ ಬಂದಳು.

“ಮಾವ, ಈ ಊರಲ್ಲಿ ನಿನ್ನಷ್ಟು ದೊಡ್ಡ ಮನ್ಸಿನವ ಯಾರಿದ್ರು ಹೇಳು?”

“ಯಾರೂ ಇಲ್ಲ,” ಎಂದೆ.

“ಹಂಗಾರೆ ಗದ್ದೆ ಬಿಡು.”

“ಹೋಯ್ತು ಗದ್ದೆ,” ಎಂದಳು ಮೀನು ಹೆಚ್ಚುತ್ತಿದ್ದ ನನ್ನ ಹೆಂಡತಿ ದೇವಿ, ತಲೆಯನ್ನೂ ಎತ್ತದೆ.

ಇನ್ನು ಬಿರುಗಾಳಿ. ಮಟಮಟ ಮಧ್ಯಾಹ್ನ ಕಡಲು ಎದ್ದು ನಿಂತಿತು. ಊರೆಲ್ಲ ಕಾಂಡ್ಲದ ಸಾಲಿನ ಹಿಂದಿರುವ ಒಳಗಟ್ಟೆಯ ಮೇಲಿತ್ತು. ಬೆನ್ನ ಹಿಂದೆ ತೆನೆ ಹೊರಟ ಕಗ್ಗ, ಅದರಾಚೆ ಮನೆಗಳು. ಕಾಂಡ್ಲ ತಡೆಯದಿದ್ದರೆ ಎರಡೂ ಇಲ್ಲ. ಎಲ್ಲರೂ ನೋಡುತ್ತಿದ್ದದ್ದು ಸಾಲಿನ ನಡುಭಾಗವನ್ನು, ಎಲ್ಲಕ್ಕಿಂತ ಎಳೆಯ ಮರಗಳಿದ್ದ ನನ್ನ ಗದ್ದೆಯನ್ನು. ತಡೆಯುತ್ತದೆ ಎಂದು ನಾನು ಗಟ್ಟಿಯಾಗಿ ಸಾರಿದೆ. ಎರಡು ಹೆಜ್ಜೆ ಹಿಂದೆ ಸರಿದದ್ದು ಗಾಳಿಗೆ.

“ಗಾಳಿ ನಿಂಗೊಬ್ಬಂಗೇ ಬೀಸ್ತದ್ಯಾ?” ಎಂದು ದೇವಿ ನನ್ನ ತೋಳು ಹಿಡಿದುಕೊಂಡಳು.

ನೀರು ಅಬ್ಬರಿಸುತ್ತ ಕಾಂಡ್ಲದೊಳಗೆ ನುಗ್ಗಿತು. ಮರಗಳು ಮಲಗಿದವು, ಎದ್ದವು, ಮತ್ತೆ ಮಲಗಿದವು. ಈಚೆಗೆ ಬಂದಾಗ ಅದು ಕಾಲು ತೊಳೆಯುವಷ್ಟು ನೀರು. ಗಣಪಿ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು, ಆಮೇಲೆ ಅತ್ತಳು. ಉಪ್ಪು ಕುಡಿದ ಕಗ್ಗ ಇವತ್ತು ನನ್ನ ಹಾಗೆ ತಲೆಯೆತ್ತಿ ನಿಂತಿದೆ.

ಹೆಬ್ಬೈಲಿನ ಗೋಡೆ ಒಡೆಯಿತು. ಜನರನ್ನೆಲ್ಲ ದೋಣಿಯಲ್ಲಿ ಕರೆತಂದು ಗಂಜಿ ಬಡಿಸಿದೆವು. ನಿನ್ನೆ ಅಲ್ಲಿಯ ಮುಖಂಡ ದೇವು ಪಟಗಾರ ಕಾಂಡ್ಲದ ಸಸಿ ಕೇಳಲು ಬಂದ. ನನ್ನ ಕತೆ ಪೂರ್ತಿ ಕೇಳಿದರೆ ಮಾತ್ರ ಸಸಿ ಎಂದೆ. ಅವನು ಗೋಣಿ ಹಾಸಿ ಕೂತುಬಿಟ್ಟ. “ಶುರು ಮಾಡು ಮಾರಾಯಾ, ಸಸಿ ಒಣಗೂದ್ರೊಳಗೆ ಮುಗ್ಸು.”

ಈಗ ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದಿದೆ. ಈ ಮರಗಳ ತಾಯಿಬೀಜ ನಿಮ್ಮ ಕಾಲದಲ್ಲಿ ಅಳಿವೆಯ ಬಾಯಲ್ಲಿ ಉಳಿದಿದ್ದ ಒಂದು ಸಣ್ಣ ಕಾಂಡ್ಲದ ಗುಂಪಿನದು. ಸಿಗಡಿ ಹೊಂಡಕ್ಕಾಗಿ ಅದನ್ನು ಕಡಿಯುವ ಮಾತು ನಿಮ್ಮಲ್ಲಿ ನಡೆದಿತ್ತೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಕಡಿಯಬೇಡಿ. ಕಡಿದರೆ ನಾನು ಇಲ್ಲಿ ಬರೆದದ್ದೆಲ್ಲ ಸುಳ್ಳಾಗುತ್ತದೆ. ನಾನು ಸುಳ್ಳುಗಾರನಾಗುವುದು ಊರಿನವರಿಗೆ ಹೊಸದೇನಲ್ಲ. ಆದರೆ ಈ ಸಲ ಹೇಳಿದ್ದು ನಿಜ; ಅದು ನಿಜವಾಗಿ ಉಳಿಯುವುದು ನಿಮ್ಮ ಕೈಯಲ್ಲಿದೆ.

ಊರಿಗೆಲ್ಲ ಮಾವನಾದ
ಕುಸ್ಲು ಗೌಡ