ಬೀಗ ಒಡೆದ ಶನಿವಾರ

ಸಾರಾಯಿ ಕಾರ್ಖಾನೆಯ ವಸತಿಗೃಹ
ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಮುಂಗೋಪಿಗೆ,

ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ನಿನ್ನ ಅಕ್ಕ ‘ಎಲ್ಲಾ ಚೆನ್ನಾಗಿದೆ’ ಎಂದು ಬರೆದಿದ್ದಾಳೆ. ಆದರೆ ಅವಳು ಮನೆಗೆ ಬೆಂಕಿ ಬಿದ್ದರೂ ‘ಸ್ವಲ್ಪ ಸೆಕೆ’ ಎನ್ನುವವಳು, ಹಾಗಾಗಿ ನೀನೇ ಬರೆ. ಫೋನು ಮಾಡೋಣವೆಂದರೆ ಅದಿರುವುದು ಮ್ಯಾನೇಜರರ ಮೇಜಿನ ಮೇಲೆ. ಹೆರಿಗೆಯ ಹೊತ್ತಿಗೆ ಪಕ್ಕದಲ್ಲಿರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದಕ್ಕೀಗ ಅಡ್ಡಗಾಲು ಬಿದ್ದಿದೆ. ಗಾಬರಿಯಾಗದೆ ಕುಳಿತು ಓದು.

ನನ್ನ ಕೆಲಸ ನಿನಗೆ ಗೊತ್ತಲ್ಲ. ತೊಟ್ಟಿಗೆ ಕೋಲು ಇಳಿಸಿ ಆಳ ನೋಡಬೇಕು, ಕಾವು ನೋಡಬೇಕು, ಸ್ಪಿರಿಟ್ ಎಷ್ಟು ಕಡುವಾಗಿದೆಯೆಂದು ನೋಡಬೇಕು. ಬಿಸಿಗೆ ಸ್ಪಿರಿಟ್ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಸರ್ಕಾರಕ್ಕೆ ತೆರಿಗೆ ಬೇಕಾದದ್ದು ಅದರ ನಿಜವಾದ ಸತ್ವಕ್ಕೆ. ದಾಸ್ತಾನು ಕೋಣೆಗೆ ಎರಡು ಬೀಗ, ಒಂದು ಸರ್ಕಾರದ ಪರವಾಗಿ ನನ್ನದು, ಇನ್ನೊಂದು ಕಂಪನಿಯ ಪರವಾಗಿ ಮ್ಯಾನೇಜರರದು. ಇಬ್ಬರೂ ಇಲ್ಲದೆ ಬಾಗಿಲು ತೆರೆಯುವಂತಿಲ್ಲ. ನಾವಿಬ್ಬರೂ ಒಂದೇ ನೊಗದ ಎತ್ತುಗಳು ಎಂದು ನೀನು ನಗುತ್ತಿದ್ದೆ.

ಶನಿವಾರ ಸಂಜೆ ‘ಎಲ್ರೂ ಹೊರಗೆ ಬಂದಾಯ್ತು’ ಎಂದು ಮ್ಯಾನೇಜರರು ಹೇಳಿದರು. ಇಬ್ಬರೂ ಬೀಗ ಹಾಕಿದೆವು, ಅವರು ಕಾರು ಹತ್ತಿ ಹೋದರು. ನಾನು ಕೈ ತೊಳೆಯುತ್ತಿದ್ದಾಗ ಒಳಗಿಂದ ಬಡಿದ ಸದ್ದು. ಪೀಪಾಯಿ ರಿಪೇರಿ ಮಾಡುವ ಅಜ್ಜ, ನಮ್ಮ ತೊಟ್ಟಿಲ ಕಾಲು ಸರಿಮಾಡಿಕೊಟ್ಟವನು, ಮೂಲೆಯಲ್ಲಿ ಸೋರುವ ಪೀಪಾಯಿಗೆ ಬೆಣೆ ಬಡಿಯುತ್ತ ಉಳಿದುಬಿಟ್ಟಿದ್ದ. ಆ ಕೋಣೆಯ ಘಾಟು ನಿನಗೆ ತಿಳಿಯದು. ಬಾಗಿಲು ಮುಚ್ಚಿದರೆ ಉಸಿರೇ ಸಿಗದು. ಮ್ಯಾನೇಜರರ ಮನೆಗೆ ಫೋನು ಮಾಡಿದೆ, ಇನ್ನೂ ಬಂದಿಲ್ಲ ಎಂದರು. ಅಷ್ಟರಲ್ಲಿ ಬಡಿತ ನಿಂತುಹೋಯಿತು. ನನ್ನ ಬೀಗ ತೆಗೆದೆ, ಕಂಪನಿಯ ಬೀಗವನ್ನು ಕಾವಲುಗಾರನ ಎದುರಿಗೇ ಹಾರೆಯಿಂದ ಒಡೆದೆ.

ಅಜ್ಜನನ್ನು ಅಂಗಳಕ್ಕೆ ಎಳೆದು ತಂದು ಮುಖಕ್ಕೆ ನೀರು ಹಾಕಿದೆವು. ಕಣ್ಣು ಬಿಟ್ಟವನೇ, ‘ಒಂದು ತೊಟ್ಟೂ ಕುಡೀದೆ ಅಮಲೇರ್ತು ನೋಡಿ ಸಾಹೇಬ್ರೇ, ನನ್ನ ಹಣೆಬರಹ’ ಎಂದ. ನಗುವುದೋ ಅಳುವುದೋ ತಿಳಿಯಲಿಲ್ಲ.

ಬೀಗ ಒಡೆದರೆ ಆಗಲೇ ದಾಸ್ತಾನು ಅಳೆಯಬೇಕೆಂಬುದು ನಿಯಮ. ಅಳೆದೆ. ತಿಂಗಳಿಗೊಮ್ಮೆ ಮಾತ್ರ ಕೋಲು ಕಾಣುವ ದೊಡ್ಡ ತೊಟ್ಟಿಯಲ್ಲಿ ಕಾಲುಭಾಗದಷ್ಟು ಸ್ಪಿರಿಟ್ ಕಡಿಮೆಯಿತ್ತು. ನೆಲ ಮಾತ್ರ ಒಣಗಿತ್ತು, ಮೋರಿಯೂ ಒಣಗಿತ್ತು. ನಿನ್ನನ್ನು ಅಕ್ಕನ ಮನೆಗೆ ಬಿಡಲು ಬಂದ ವಾರ ನನ್ನ ಬೀಗದ ಕೈ ಬದಲಿ ಅಧಿಕಾರಿಯ ಬಳಿ ಇತ್ತು. ಆಗಲೇ ಹೋಯಿತೋ ಏನೋ, ಕಣ್ಣಾರೆ ಕಾಣದ್ದನ್ನು ಹೇಳಲಾರೆ. ಆದರೆ ಶನಿವಾರ ಹೋಗಲಿಲ್ಲ, ಅದಂತೂ ಖಂಡಿತ.

ಮರುದಿನ ಮ್ಯಾನೇಜರರು ಬಂದು ಹೆಗಲ ಮೇಲೆ ಕೈಯಿಟ್ಟರು. ‘ಒಳಗಿದ್ದವನು ಮುದುಕ ಒಬ್ನೇ ಅಲ್ವಾ? ಅವನೇ ನಲ್ಲಿ ಬಿಟ್ಟು ಹರಿಸ್ದ ಅಂತ ಬರೀರಿ. ಬೀಗ ತುಕ್ಕು ಹಿಡಿದು ಮುರೀತು ಅಂತ ನಾನು ಬರೀತೀನಿ. ಮಗು ಬರೋ ಮನೆ ನಿಮ್ದು, ಯೋಚ್ನೆ ಮಾಡಿ’ ಎಂದರು. ಮಗುವಿನ ಮಾತು ಅವರ ಬಾಯಲ್ಲಿ ಬಂದಾಗ ಹೆಗಲ ಮೇಲಿನ ಕೈಯನ್ನು ಸರಿಸಿದೆ. ಸೋಮವಾರ ನಮ್ಮ ಅಬಕಾರಿ ಇಲಾಖೆಯ ಅಪ್ಪಣೆ ಬಂತು: ವಿಚಾರಣೆ ಮುಗಿಯುವತನಕ ಗೇಟು ದಾಟಕೂಡದು. ಅಜ್ಜನಿಗೆ ಒಳಗೆ ಬರಲು ಬಿಡುವುದಿಲ್ಲ, ನನಗೆ ಹೊರಗೆ ಹೋಗಲು. ಅವನು ಬೆಳಿಗ್ಗೆ ಬಂದು ಕಂಬಿಯಾಚೆ ಕೂರುತ್ತಾನೆ, ನಾನು ಈಚೆ ನಿಲ್ಲುತ್ತೇನೆ. ‘ನನ್ನ ಹೆಸರೇ ಬರೆದ್ಬಿಡಿ, ನಾನು ಉದುರೋ ಎಲೆ’ ಎಂದ ನಿನ್ನೆ. ಅದಕ್ಕಿಂತ ಅವನು ಬೈದಿದ್ದರೆ ಹಗುರಾಗುತ್ತಿತ್ತು.

ನೀನು ಭಾರ ಎತ್ತಬೇಡ. ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ. ಹೊಟ್ಟೆಯೊಳಗಿನ ಒದೆಗಾರನಿಗೆ, ಇಲ್ಲವೇ ಒದೆಗಾರ್ತಿಗೆ, ಅಪ್ಪನ ಮುತ್ತು.

ಎಂದೆಂದೂ ನಿನ್ನ,
ಕೋಲುಸಾಹೇಬ

ತಾ.ಕ.: ಅಂಚೆಯವನು ಹೊರಗೆ ಕಾಯುತ್ತಿದ್ದಾನೆ. ಈ ಲಕೋಟೆಯ ಜೊತೆಗೇ ಇಲಾಖೆಗೆ ನನ್ನ ಹೇಳಿಕೆಯೂ ಹೋಗುತ್ತಿದೆ. ಬೀಗ ಒಡೆದವನು ನಾನೇ, ಕೊರತೆ ಅದಕ್ಕಿಂತ ಹಿಂದಿನದು, ಅಜ್ಜ ನಿರಪರಾಧಿ ಎಂದು ಬರೆದಿದ್ದೇನೆ. ಕೆಲಸ ಉಳಿಯುವುದು ಕಷ್ಟ, ಮನೆಯೂ ಕಂಪನಿಯದೇ. ಮಗುವನ್ನು ಎತ್ತಿಕೊಂಡು ಇಲ್ಲಿಗೆ ಬರಬೇಡ, ಅಲ್ಲೇ ಇರು. ಅಕ್ಕನಿಗೆ ಈ ಮಾತು ಹೇಗೆ ಹೇಳುತ್ತೀಯೋ, ನಿನಗೆ ಬಿಟ್ಟಿದ್ದೇನೆ.