ಹಳೆಯದನ್ನೇ ಹಾಕಿಸು

ಕಮಲಾಪುರ

ಚಿ. ನಾಗರತ್ನಾಳಿಗೆ ಅಪ್ಪನ ಆಶೀರ್ವಾದ.

ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿಕೊಂಡಿದ್ದೀ. ಪುಕ್ಕಟೆ ಸಿಗುತ್ತದೆ, ವೈರಸ್ ಹತ್ತುವುದಿಲ್ಲ ಅಂತಾರೆ, ನನಗೇನೂ ಸಿಟ್ಟಿಲ್ಲ. ಆದರೆ ನಿನಗೆ ಕೊಡುವ ಮುಂಚೆ ಸ್ಟೇಶನ್ ಬಜಾರದ ಅಂಗಡಿಯಲ್ಲಿ ನಾನು ಹಾಕಿಸಿದ್ದ ಸಾಫ್ಟ್‌ವೇರೂ ಅಳಿಸಿಹೋಗಿದೆ. ನೀನು ಟೈಪ್ ಮಾಡಿದ್ದೆಲ್ಲ ನನ್ನ ಫೋನಿಗೆ ಬರುತ್ತಿತ್ತು. ಓದಿ ನೆಮ್ಮದಿಯಿಂದ ಮಲಗುತ್ತಿದ್ದೆ. ಈಗ ಏನೂ ಬರುತ್ತಿಲ್ಲ. "ನಿದ್ದಿ ಬರವಲ್ದೇನ್ರೀ?" ಎಂದು ನಿಮ್ಮವ್ವ ಕೇಳುತ್ತಾಳೆ.

ಕೊನೆಗೆ ಬಂದದ್ದು ಕುನಾಲ ಎಂಬ ಹುಡುಗನಿಗೆ ನೀನು ಬರೆದ ಮಾತು: "ಅಪ್ಪ ಎಲ್ಲಾ ನೋಡಾಕತ್ತಾರ ಅನಸ್ತದ. ನಾಳೆ ಕುಸನೂರಿನ ನನ್ನ ರೂಮಿಗೆ ಬಂದು ಲಿನಕ್ಸ್ ಹಾಕಿಕೊಡು."

ಹಾಕಿದವನೇ ಬಂದು ಹಳೆಯದನ್ನು ಹಾಕಿಕೊಡಲಿ. ಅವನನ್ನು ಈಗಲೇ ರೂಮಿಗೆ ಕರೆ. ಲ್ಯಾಪ್‌ಟಾಪ್ ಕೆಟ್ಟಿದೆ ಎಂದಷ್ಟೇ ಹೇಳು, ಈ ಪತ್ರದ ಮಾತು ಎತ್ತಬೇಡ.

ಇದನ್ನು ತಂದ ನಿನ್ನ ಇಬ್ಬರು ಕಾಕಾಗಳು ಅವನು ಬರುವತನಕ ಅಲ್ಲೇ ಕೂತಿರುತ್ತಾರೆ. ಚಹಾ ಮಾಡಿಕೊಡು. ಕೆಂಪು ಬಾಳೆಹಣ್ಣು ಕಳಿಸಿದ್ದೇನೆ, ಅವನಿಗೂ ಕೊಡು.

ಅವನು ಬಂದ ಕೂಡಲೇ ನೀನು ಕೆಳಗಿಳಿದು ಕಾಕಾಗಳು ತಂದ ಜೀಪಿನಲ್ಲಿ ಕೂತುಬಿಡು. ಬಟ್ಟೆಬರೆ ಅಷ್ಟೇ ತೆಗೆದುಕೋ. ಲ್ಯಾಪ್‌ಟಾಪ್ ಅಲ್ಲೇ ಇರಲಿ, ಇನ್ನು ಅದು ನಿನಗೆ ಬೇಕಾಗುವುದಿಲ್ಲ.

ನಿನ್ನ ಹಿತವನ್ನೇ ಬಯಸುವ ಅಪ್ಪ,
ದೌಲಪ್ಪ