ಕತ್ತು ತಿರುಗಿಸದ ಎಸೆತ

ಯಶೋದಾ,

ಇವತ್ತು ಬಿತ್ತು ಕಣೇ. ಒಂದೇ ಎಸೆತಕ್ಕೆ ಬಾಟ್ಲಿಯಂಥ ಹತ್ತು ಪಿನ್ನೂ ಬಿತ್ತು. ಮೈಸೂರಿನ ಬೌಲಿಂಗ್ ಸೆಂಟರಿನಿಂದ ಕೊಳ್ಳೇಗಾಲದ ಬಸ್ಸಿನಲ್ಲಿ ಬರುತ್ತಿದ್ದೇನೆ.

ಗೂಡು ಮಾರಿ ನಮ್ಮ ರೇಷ್ಮೆ ಹುಳದ ಮನೆ ಖಾಲಿಯಾದಾಗಲೆಲ್ಲ ಮರಳು ತುಂಬಿದ ಬಾಟ್ಲಿ ನಿಲ್ಲಿಸಿ ನಾನು ಚೆಂಡು ಉರುಳಿಸುತ್ತಿದ್ದೆ, ನೀನು ಹಿಂದೆ ನಿಂತು ವಿಡಿಯೊ ಮಾಡುತ್ತಿದ್ದೆ. ಚೆಂಡು ಯಾವಾಗಲೂ ಎಡಕ್ಕೇ ಹೋಗುತ್ತಿತ್ತಲ್ಲ, ಯಾಕೆಂದು ಈಗ ಗೊತ್ತಾಯಿತು. ಹೋದ ವಾರ ಆ ವಿಡಿಯೊಗಳನ್ನು ನಿಧಾನವಾಗಿ ಓಡಿಸಿ ನೋಡಿದೆ. ಕಾಲು ಸರಿ, ಮಣಿಕಟ್ಟು ಸರಿ. ಆದರೆ ಚೆಂಡು ಬಿಡುವಾಗಲೇ ನಿನ್ನತ್ತ ಕತ್ತು ತಿರುಗಿಸುತ್ತಿದ್ದೆ, ಜೊತೆಗೆ ಭುಜವೂ ತಿರುಗುತ್ತಿತ್ತು. ನಿನ್ನ ದನಿಯೂ ಇದೆ: "ಲೇ, ನನ್ ಮೊಕದಲ್ಲಿ ಏನ್ ಬರದದೆ? ಬಾಟ್ಲಿ ನೋಡೇ."

ಇವತ್ತು ಒಬ್ಬಳೇ ಹೋಗಿ, ಕುರ್ಚಿ ಮೇಲೆ ಬ್ಯಾಗಿಟ್ಟು ಅದಕ್ಕೆ ಫೋನ್ ಒರಗಿಸಿದೆ. ಎಂ.ಎ. ಮುಗಿಯುವವರೆಗೂ ತರಗತಿಯಲ್ಲಿ ಎದ್ದು ಮಾತಾಡದವಳು ಅಷ್ಟು ಜನರೆದುರು ಎಸೆದೆ, ಕತ್ತು ತಿರುಗಿಸಲಿಲ್ಲ. ಕೊನೆಯ ಪಿನ್ ಕುಡಿದವನ ಹಾಗೆ ತೂರಾಡಿ, ತೂರಾಡಿ, ಬಿತ್ತು. ಪಕ್ಕದಲ್ಲಿ ಆಡುತ್ತಿದ್ದ ಹೆಂಗಸು, "ಏನವ್ವ, ಒಂದನ್ನೂ ಉಳಿಸ್ನಿಲ್ವಲ್ಲ" ಎಂದು ನಕ್ಕರು.

ವಿಡಿಯೊ ನಿನಗೆ ಕಳಿಸೋಣವೆಂದರೆ ನಿನ್ನ ಹೊಸ ನಂಬರ್ ನನ್ನಲ್ಲಿಲ್ಲ. ನಿನ್ನ ಮದುವೆಗೆ ಬಂದಿದ್ದರೆ ಇರುತ್ತಿತ್ತು.

ಬಸ್ಸು ಹತ್ತಿದಾಗಿನಿಂದ ಆ ವಿಡಿಯೊವನ್ನೇ ನೋಡುತ್ತಿದ್ದೇನೆ. ಕೊನೆಯ ಪಿನ್ ಬಿದ್ದ ತಕ್ಷಣ ನಾನು ಎರಡೂ ಕೈ ಎತ್ತಿ, ಬಾಯ್ತುಂಬ ನಗುತ್ತಾ, ಏನೋ ಹೇಳಲು ಹಿಂದಕ್ಕೆ ತಿರುಗುತ್ತೇನೆ. ಅಲ್ಲಿದ್ದದ್ದು ಕುರ್ಚಿ, ಕುರ್ಚಿಯ ಮೇಲೆ ನನ್ನ ಬ್ಯಾಗು.